ನನ್ನೊಬ್ಬಳಿಗಷ್ಟೇ ಅಡುಗೆ

"ಇನ್ನು ಮುಂದೆ ನಾನು ಬೇಯಿಸೋದು ನನ್ನೊಬ್ಬಳಿಗೆ! ಯಾರೇ ಬಂದು ಬಾಗಿಲಲ್ಲಿ ನಿಂತು ಹಸಿವು ಅಂದ್ರೂ ಒಂದಗುಳು ಹಾಕಲ್ಲ!"

ಮುಚ್ಚಲೊಲ್ಲದ ಸೂಟ್‌ಕೇಸಿನ ಮೇಲೆ ಕೂತು, ಅದರ ಜಿಪ್ಪಿನೊಂದಿಗೆ ಗುದ್ದಾಡುತ್ತಾ ನಾನು ಮಾಡಿದ ಘೋರ ಪ್ರತಿಜ್ಞೆಯಿದು. ಮದುವೆಯಾದಂದಿನಿಂದ ಅತ್ತೆ, ಮಾವ, ಮೈದುನ, ಓರಗಿತ್ತಿ, ಮಕ್ಕಳು, ಮನೆಯವರು ಎಂದು ಎಂಟು ಹೊಟ್ಟೆಗಳಿಗೆ ಸೌಟು ತಿರುವಿದವಳು ನಾನು. ಮಕ್ಕಳು ದೊಡ್ಡವರಾದ ಮೇಲೆ, ಅರ್ಧಕ್ಕೆ ನಿಂತಿದ್ದ ಓದಿಗೆ ಕೊನೆಗೂ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲಿ ಮೆಸ್ ಇಲ್ಲ. ಮಹಡಿಗೊಂದು ಅಡುಗೆಮನೆ, ಅವರವರ ಊಟ ಅವರವರೇ ಮಾಡಿಕೊಳ್ಳಬೇಕು. ಇದಕ್ಕಿಂತ ಸ್ವರ್ಗ ಬೇರೆ ಉಂಟೆ?

"ಒಬ್ಬಳಿಗೆ ಅಡುಗೆ ಮಾಡೋಕೆ ನಿನಗೆ ಬರಲ್ಲ ಕಣೆ," ಎಂದರು ಮನೆಯವರು.

"ಎಂಟು ಜನಕ್ಕೆ ಮಾಡೋಳಿಗೆ ಒಬ್ಬಳಿಗೆ ಬರಲ್ವಾ? ಎಂಟರಿಂದ ಭಾಗಿಸಿದ್ರಾಯ್ತು!"

"ಭಾಗಾಕಾರ ನಿನ್ನ ತಲೆಗೆ ಬರುತ್ತೆ. ಕೈಗೆ ಬರಬೇಕಲ್ಲ!"

ಉರಿದುಹೋಯಿತು ನನಗೆ! ಆ ಉರಿಯಲ್ಲೇ ಹಾಸ್ಟೆಲ್ ಸೇರಿದೆ.

ನಮ್ಮ ಮಹಡಿಯಲ್ಲಿ ನನ್ನ ಮಕ್ಕಳ ವಯಸ್ಸಿನವರೇ ಎಲ್ಲ. ಮೂರು ಹೊತ್ತೂ ಬೇಯಿಸಿದ ಮೊಟ್ಟೆ ತಿನ್ನುವ ಉದ್ದನೆಯ ಹುಡುಗನೊಬ್ಬ. ಅವನಿಗೆ ಮನಸ್ಸಿನಲ್ಲೇ ಮೊಟ್ಟೆರಾಯ ಎಂದು ಹೆಸರಿಟ್ಟೆ. ನೂಡಲ್ಸ್ ಬಿಟ್ಟು ಬೇರೇನನ್ನೂ ಮಾಡಲು ಬಾರದ ಹುಡುಗಿ ನೂಡಲ್ಸ್ ರಾಣಿಯಾದಳು. ಪ್ರತಿಯೊಬ್ಬರ ಪಾತ್ರೆಗೂ ಹೆಸರಿನ ಚೀಟಿ. ಮೊಟ್ಟೆರಾಯನ ಬಾಣಲೆಯ ಮೇಲಂತೂ, "ಮುಟ್ಟಬೇಡಿ. ದಯವಿಟ್ಟು. ನಿಜವಾಗಿಯೂ."

ಮೊದಲ ಭಾನುವಾರ ಸಂಜೆ ಒಲೆಯ ಮುಂದೆ ನಿಂತೆ. ಅಕ್ಕಿ, ಬೇಳೆ, ತರಕಾರಿ ಎಲ್ಲ ಒಂದೇ ಪಾತ್ರೆಗೆ ಹಾಕಿ ಬೇಯಿಸುವ ಸರಳ ಯೋಜನೆ. ಅಕ್ಕಿಯ ಪೊಟ್ಟಣ ಬಗ್ಗಿಸಿದೆ. "ಸಾಕು," ಎಂದಿತು ಬುದ್ಧಿ. ಕೈ ಕೇಳಬೇಕಲ್ಲ! ಇದು ಅತ್ತೆಗೆ, ಇದು ಮಾವನಿಗೆ, ಚಿಕ್ಕವನಿಗೆ ಇನ್ನೊಂದು ಹಿಡಿ ಎಂದು ಸುರಿಯುತ್ತಲೇ ಹೋಯಿತು. ಬೇಳೆಯದೂ ಅದೇ ಕಥೆ.

ಸ್ವಲ್ಪ ಹೊತ್ತಿಗೆ ಅನ್ನ ಮುಚ್ಚಳವನ್ನು ತಲೆಯಿಂದ ಎತ್ತಿ ಹೊರಗೆ ಇಣುಕಿತು! ಅರ್ಧವನ್ನು ನೂಡಲ್ಸ್ ರಾಣಿಯ ಪಾತ್ರೆಗೆ ಸುರಿದೆ. ಅದೂ ಉಬ್ಬಿತು. ಗಟ್ಟಿಯಾಯಿತೆಂದು ನೀರು ಹಾಕಿದೆ, ನೀರಾಯಿತೆಂದು ಅಕ್ಕಿ ಹಾಕಿದೆ! ಇನ್ಯಾರದೋ ತಪ್ಪಲೆ ತುಂಬಿತು. ಕೊನೆಗೆ ಗತಿಯಿಲ್ಲದೆ, ಕಣ್ಣು ಮುಚ್ಚಿಕೊಂಡು, ಮೊಟ್ಟೆರಾಯನ ಬಾಣಲೆಗೇ ಕೈ ಹಾಕಿದೆ. ನಾಲ್ಕೂ ಒಲೆಗಳ ಮೇಲೆ ನನ್ನೊಬ್ಬಳ ಊಟ ಕೊತಕೊತ ಕುದಿಯತೊಡಗಿತು.

ಸರಿಯಾಗಿ ಆಗಲೇ ಮನೆಯವರ ಫೋನು!

"ಆಯ್ತಾ ಅಡುಗೆ?"

"ಆಗ್ತಾ ಇದೆ ರೀ. ಒಂದೇ ಅಡುಗೆ, ಸಿಂಪಲ್ಲು."

"ಒಂದೇ ಪಾತ್ರೆನಾ?"

"ಅಡುಗೆ ಒಂದೇ ಅಂದ್ನಲ್ಲ!"

"ಪಾತ್ರೆ ಎಷ್ಟು ಅಂತ ಕೇಳಿದ್ದು."

"...ನಾಲ್ಕು."

ಆ ಕಡೆಯಿಂದ ನಗು ಶುರುವಾಯಿತು. ಫೋನಿನಲ್ಲೇ ಜಗಳಕ್ಕೆ ನಿಂತೆ. ಇತ್ತ ತಳ ಹಿಡಿದು ಹೊಗೆ ಎದ್ದದ್ದು ಗೊತ್ತಾಗಿದ್ದು, ತಲೆಯ ಮೇಲಿನ ಬೆಂಕಿಯ ಅಲಾರಂ ಬೊಬ್ಬೆ ಹೊಡೆದಾಗಲೇ!

ಒಲೆಗಳನ್ನು ಆರಿಸಿ ಓಡಿದೆ. ಇಡೀ ಕಟ್ಟಡ ಅಂಗಳದಲ್ಲಿ ನೆರೆದಿತ್ತು. ಒಬ್ಬನ ತಲೆ ತುಂಬ ಶಾಂಪೂ ನೊರೆ. ಇನ್ನೊಬ್ಬಳ ಒಂದೇ ಕಣ್ಣಿಗೆ ಕಾಡಿಗೆ. ಒಳಗೆ ಹೋಗಿ ನೋಡಿಬಂದ ವಾರ್ಡನ್ ಮೇಡಂ ಬೀಗದ ಕೈ ಗೊಂಚಲು ಝಳಪಿಸಿದರು.

"ಯಾರ್ರೀ ಇದು ಮಾಡಿದ್ದು?"

ಮೆಲ್ಲಗೆ ಕೈ ಎತ್ತಿದೆ.

"ಎಷ್ಟು ಜನಕ್ಕೆ ಅಡುಗೆ ಮಾಡ್ತಿದ್ರಿ?"

"ಒಬ್ಬಳಿಗೆ, ಮೇಡಂ."

"ಯಾರಿಗೆ, ಆನೆಗಾ?"

ಹುಡುಗರು ಕಿಸಕ್ಕೆಂದರು. ಆದರೆ ಮೇಡಂ ನಗಲಿಲ್ಲ. "ಬಂದು ವಾರ ಆಗಿಲ್ಲ, ಆಗಲೇ ಹೀಗೆ. ನಿಮಗೆ ರೂಮು ಮುಂದುವರಿಸಬೇಕಾ ಬೇಡ್ವಾ ಅಂತ ಯೋಚನೆ ಮಾಡ್ಬೇಕಾಗುತ್ತೆ."

ಇಷ್ಟು ವರ್ಷ ಕಾದು ಪಡೆದ ಓದು ನಾಲ್ಕು ಪಾತ್ರೆ ಅನ್ನದಲ್ಲಿ ಮುಳುಗಿಹೋಗುವುದೇ? ಪೆಟ್ಟಿಗೆ ಹೊತ್ತು ಮನೆಗೆ ಹೋದರೆ ಮನೆಯವರ ಮುಖ ನೋಡುವುದು ಹೇಗೆ?

ಮೇಡಂ ಮುಂದುವರಿಸಿದರು. "ಎಲೆಕ್ಟ್ರಿಷಿಯನ್ ಬಂದು ಅಲಾರಂ ನೋಡೋವರೆಗೂ ಯಾವ ಅಡುಗೆಮನೆಯ ಒಲೆಯನ್ನೂ ಹಚ್ಚೋ ಹಾಗಿಲ್ಲ. ಅವರು ಬರೋದು ನಾಳೆ."

ಅಂಗಳದ ತುಂಬ ಒಂದೇ ಸಮನೆ ಅಯ್ಯೋ ಎದ್ದಿತು. ಯಾರದೂ ಊಟವಾಗಿರಲಿಲ್ಲ. ಮೊಟ್ಟೆರಾಯ ನನ್ನತ್ತಲೇ ದಾಪುಗಾಲು ಹಾಕಿ ಬಂದ.

"ಅಕ್ಕಾ, ನನ್ನ ಬಾಣಲೆಯಲ್ಲಿರೋದು ಏನದು?"

"ತಪ್ಪಾಯ್ತಪ್ಪ, ಫಳಫಳ ತೊಳೆದುಕೊಡ್ತೀನಿ."

"ತೊಳೆಯೋದು ಆಮೇಲೆ. ತಿನ್ನಬಹುದಾ?"

ಅಷ್ಟೇ! ನಾಲ್ಕೂ ಪಾತ್ರೆಗಳು ಅಂಗಳಕ್ಕೆ ಮೆರವಣಿಗೆಯಲ್ಲಿ ಬಂದವು. ತಳದ ಕರಕಲನ್ನು ಕದಡದೆ ಮೇಲಿನದನ್ನು ಬಡಿಸಿದೆ. ತಟ್ಟೆ ಸಿಕ್ಕವರು ತಟ್ಟೆಯಲ್ಲಿ, ಇಲ್ಲದವರು ಕಾಫಿ ಮಗ್ಗಿನಲ್ಲಿ, ಶಾಂಪೂ ಹುಡುಗ ಮುಚ್ಚಳದಲ್ಲಿ! ನನ್ನ ಪ್ರತಿಜ್ಞೆ ಮೊದಲ ಸೌಟಿಗೇ ಸತ್ತಿತ್ತು. ಅದಕ್ಕಾಗಿ ಅಳಲು ನನಗೆ ಪುರುಸೊತ್ತಿರಲಿಲ್ಲ. ಬಿಗುಮಾನ ಬಿಟ್ಟು ವಾರ್ಡನ್ ಮೇಡಮ್ಮೂ ತಟ್ಟೆ ಚಾಚಿದರು.

"ಹಸಿದ ಮಕ್ಕಳಿಗೆ ಹಾಕಿದ್ರಿ ಅಂತ ಈ ಸಲ ಬಿಟ್ಟಿದೀನಿ. ಇನ್ಮೇಲೆ ಒಂದೇ ಒಲೆ!"

ಹೋದ ಜೀವ ಬಂತು. ಎಲ್ಲರೂ ಮಾತಿಲ್ಲದೆ ತಿನ್ನುತ್ತಿದ್ದರು. ಆಹಾ, ಕೈರುಚಿಗೆ ಮೂಕರಾದರಲ್ಲ ಎಂದು ಬೀಗುತ್ತಾ ನಿಂತೆ. ಅಷ್ಟರಲ್ಲಿ ನೂಡಲ್ಸ್ ರಾಣಿಯ ಕಣ್ಣು ತುಂಬಿ ಬಂತು.

"ಅಕ್ಕಾ, ಥೇಟ್ ನಮ್ಮಮ್ಮನ ಅಡುಗೆ!"

ಅವಳ ತಲೆ ಸವರಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ. "ಹೌದೇನಮ್ಮಾ? ಏನು ತಿಂದು ಅಮ್ಮನ ನೆನಪಾಯ್ತು?"

"ಅವಳೂ ಹೀಗೇ ಅಕ್ಕಾ, ಮಾತಾಡ್ತಾ ಮಾತಾಡ್ತಾ ಉಪ್ಪು ಹಾಕೋದೇ ಮರೀತಾಳೆ!"

ವಾರ್ಡನ್ ಮೇಡಂ ದೊಡ್ಡ ಉಸಿರು ಬಿಟ್ಟರು. "ಸದ್ಯ! ನನ್ನ ನಾಲಿಗೆಗೇ ಏನೋ ಆಗಿದೆ ಅಂತ ನಾಳೆ ಡಾಕ್ಟರ ಹತ್ರ ಹೋಗೋಳಿದ್ದೆ!"