ಖಂಡೆ ಪೂಜೆಗೆ ತೊಳೆದ ಟ್ಯಾಂಕು

ಶಹಾಬಾದಿನಲ್ಲಿ ಇದ್ದುಕೊಂಡು ರೊಕ್ಕ ಕೊಟ್ಟು ಧೂಳು ತರಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ಭಾಗಮ್ಮನ ಗಂಡ ಕಲ್ಯಾಣಪ್ಪ ಮಾಸ್ತರರು ಒಬ್ಬರೇ. ಈ ಊರಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳು ಬೆಳಗಾದರೆ ಕೂಗಲು ಶುರು ಮಾಡುತ್ತವೆ. ಅವು ಉಗುಳುವ ಹಿಟ್ಟಿನಂಥ ಪುಡಿ ಒಣಹಾಕಿದ ಸೀರೆ, ಮುಚ್ಚಿಟ್ಟ ಮಜ್ಜಿಗೆ, ಮಲಗಿದ ಬೆಕ್ಕು ಯಾವುದನ್ನೂ ಬಿಡುವುದಿಲ್ಲ. ಅದನ್ನು ಗುಡಿಸಿ ಗುಡಿಸಿ ಹೊರಗೆ ಹಾಕುವುದರಲ್ಲಿ ಭಾಗಮ್ಮನ ಸೊಂಟ ಬಿದ್ದುಹೋಗಿದೆ. ಅಂಥದರಲ್ಲಿ ಒಂದು ದಿನ ಕೊರಿಯರಿನವನು ಬಂದು ಅಂಗೈಯಗಲದ ಡಬ್ಬಿ ಕೊಟ್ಟು ಹೋದ. ಡಬ್ಬಿಯಲ್ಲಿ ಗಾಜಿನ ಶೀಶೆ. ಶೀಶೆಯಲ್ಲಿ ಧೂಳು.

"ಇದೇನ್ರೀ ಇದು?"

"ಧೂಳು," ಎಂದರು ಮಾಸ್ತರರು, ಬಂಗಾರದ ಭಸ್ಮ ಹಿಡಿದವರಂತೆ ಶೀಶೆಯನ್ನು ಬೆಳಕಿಗೆ ಹಿಡಿದು. "ರಾಜಸ್ಥಾನದ ಮರಳುಗಾಡಿಂದು."

"ನಮ್ಮ ಮನಿ ಧೂಳಿಗಿ ಏನ್ ಧಾಡಿ ಆಗಿತ್ತು?"

"ನಮ್ದು ಬೆಳ್ಳಗದ. ಪೋಟೋದಾಗಿಂದು ಬ್ಯಾರೆ ಅದ."

"ಪೋಟೋ ಕರಿ-ಬಿಳಿ ಅದಲ್ರೀ! ಧೂಳಿನ ಬಣ್ಣ ನಿಮ್ಮ ಕಿವ್ಯಾಗ ಬಂದು ಯಾರ್ ಹೇಳಿದ್ರು?"

ಮಾಸ್ತರರು ಧೂಳು ಸೋಸಲೆಂದು ಅಡಿಗೆಮನೆಯಿಂದ ಚಹಾದ ಜಾಳಿಗೆಯನ್ನು ಎತ್ತಿಕೊಂಡು ಹೋದರು. (ಅದರಲ್ಲಿ ಸೋಸಿದ ಚಹಾ ಮುಂದೆ ಬಹಳ ದಿನ ರಾಜಸ್ಥಾನದ ರುಚಿ ಕೊಡುತ್ತಿತ್ತು.)

ಮಾಸ್ತರರು ಸೇಡಂನ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಗಂಡಸರು ಗುಡಿಯ ಕಟ್ಟೆಗೆ ಹೋಗುತ್ತಾರೆ, ಇಲ್ಲವೇ ಅಡಿಗೆಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುತ್ತಾರೆ. ಇವರು ಎರಡನ್ನೂ ಬಿಟ್ಟು ಯುದ್ಧಕ್ಕೆ ಹೋದರು. ಹಳೆಯ ಯುದ್ಧದ ಪೋಟೋ ಒಂದನ್ನು ಮುಂದಿಟ್ಟುಕೊಳ್ಳುವುದು. ಪ್ಲಾಸ್ಟಿಕ್ಕಿನ ಚೂರುಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು, ಆ ಪೋಟೋದಲ್ಲಿ ಇದ್ದ ಟ್ಯಾಂಕನ್ನೋ ಜೀಪನ್ನೋ ಮೊಳಕ್ಕಿಂತ ಸಣ್ಣದಾಗಿ ಮತ್ತೆ ಹುಟ್ಟಿಸುವುದು. ಪೋಟೋದಲ್ಲಿ ತಗಡು ಸೊಟ್ಟಗಾಗಿದ್ದರೆ ಇಲ್ಲೂ ಸೊಟ್ಟ. ಅಲ್ಲಿ ಹಿಂದೆ ಬಕೆಟ್ಟು ತೂಗಿದ್ದರೆ ಇಲ್ಲೂ ಕಡಲೆಕಾಳಿನಷ್ಟು ಬಕೆಟ್ಟು. ಅದಕ್ಕೆ ಮಾಸ್ತರರು 'ಸಮರಸಾಮಗ್ರಿಗಳ ಲಘುಪ್ರತಿರೂಪ' ಎಂದು ಹೆಸರಿಟ್ಟಿದ್ದರು. ಭಾಗಮ್ಮ 'ಆಟಿಗಿ ಸಾಮಾನು' ಎನ್ನುತ್ತಿದ್ದಳು.

ಊಟದ ಮೇಜು ಶತ್ರುವಿನ ವಶವಾಗಿತ್ತು. ಗಂಡ ಹೆಂಡತಿ ನೆಲದ ಮೇಲೆ ಉಣ್ಣುತ್ತಿದ್ದರು. ಭಾಗಮ್ಮನ ಚಿಮುಟ, ಹೊಲಿಗೆಯ ಸೂಜಿ, ಕೊಬ್ಬರಿ ಎಣ್ಣೆಯ ಮುಚ್ಚಳ ಎಲ್ಲವೂ ಸೈನ್ಯಕ್ಕೆ ಸೇರಿ ಮನೆಗೆ ಮರಳಿರಲಿಲ್ಲ.

ಆದರೆ ಈ ಸಲದ ಟ್ಯಾಂಕಿನ ಬಗ್ಗೆ ಭಾಗಮ್ಮ ಬಹಳ ಜಗಳ ತೆಗೆಯಲಿಲ್ಲ. ಅದು ಓಣಿಯ ಕೊನೆಯ ಮನೆಯ ಶಾರದಾಬಾಯಿಯವರಿಗೆ. ಅವರ ಯಜಮಾನರು ವಿಠ್ಠಲರಾಯರು ಮಿಲಿಟರಿಯಲ್ಲಿ ಟ್ಯಾಂಕು ನಡೆಸಿದವರು, ತೀರಿಹೋಗಿ ಬಹಳ ವರ್ಷವಾಯಿತು. ಹರೆಯದ ವಿಠ್ಠಲರಾಯರು ಟ್ಯಾಂಕಿನ ಮಡ್‌ಗಾರ್ಡಿನ ಮೇಲೆ ಒಂದು ಕಾಲು ಇಳಿಬಿಟ್ಟು ಕುಳಿತು, ಮೈತುಂಬ ಧೂಳು, ಕೈಯಲ್ಲಿ ಚಹಾದ ಮಗ್ಗು, ನಗುತ್ತಿರುವ ಪೋಟೋ ಅವರ ಮನೆಯ ಗೋಡೆಯ ಮೇಲಿತ್ತು. ಸಕ್ಕರೆ ಕಾಯಿಲೆ ಶಾರದಾಬಾಯಿಯವರ ಕಣ್ಣನ್ನು ತಿಂದುಹಾಕಿದ ಮೇಲೆ ಅದು ಅವರ ಪಾಲಿಗೆ ಬರೀ ಚೌಕಟ್ಟು.

"ಮಾಸ್ತರ," ಎಂದಿದ್ದರು ಅವರು, "ಆ ಪೋಟೋ ಕೈಲಿಂದ ನೋಡೋ ಹಂಗ ಮಾಡಿಕೊಡ್ತೀರೇನು? ಮಾರಿ ಮರೀಲಿಕತ್ತೀನಿ ನಾ. ಮೂಗು ನೆನಪಾದ್ರ ಗದ್ದ ನೆನಪಾಗಲ್ದು."

ಅಂದಿನಿಂದ ಮಾಸ್ತರರು ಕುಳಿತೇ ಇದ್ದರು. ಟ್ಯಾಂಕು ಬೇಗ ಮುಗಿಯಿತು. ಮುಗಿಯದೇ ಹೋದದ್ದು ಹೆಬ್ಬೆರಳಿನಷ್ಟು ಎತ್ತರದ ವಿಠ್ಠಲರಾಯರ ಮುಖ. ಒಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿ, ಉಸಿರು ಬಿಗಿಹಿಡಿದು, ಸೂಜಿಯಿಂದ ಮೂಗು ಕೊರೆಯುತ್ತಿದ್ದರು. ಒಂದು ಮಧ್ಯಾಹ್ನ ಭಾಗಮ್ಮ ಜಾಳಿಗೆಯ ಸಲುವಾಗಿ ಜಗಳಕ್ಕೆ ಬಂದವಳು ಬಗ್ಗಿ ನೋಡಿದಳು. ಶೇಂಗಾದ ಕಾಳಿನಷ್ಟು ಮುಖ. ಅದರಲ್ಲಿ ಮೀಸೆ, ಮೀಸೆಯ ಕೆಳಗೆ ನಗು. ವಿಠ್ಠಲರಾಯರು ಅವಳನ್ನೇ ನೋಡಿ 'ಚಹಾ ಆತೇನು ಭಾಗವ್ವ' ಎಂದಂತಾಯಿತು. ಎಷ್ಟು ಚಂದ ಮಾಡೀರಿ ಎನ್ನಬೇಕಾಗಿತ್ತು.

"ಉಪ್ಪಿಟ್ಟು ಆರ್ಲಿಕತ್ತದ," ಎಂದಳು.

ಮಹಾನವಮಿಯ ದಿನ ಖಂಡೆ ಪೂಜೆ. ಮರುದಿನ ದಸಮಿಗೆ ಬನ್ನಿ ಕೊಡಲು ಶಾರದಾಬಾಯಿಯವರು ಬರುವವರು. ಆಗಲೇ ಟ್ಯಾಂಕು ಅವರ ಕೈಗೆ. ಮಾಸ್ತರರು ಸ್ಕೂಟರ್ ತೊಳೆಸಲು ಹೊರಟರು. "ರಾಯರ್ನ ಬರೀ ಗೋಂದಿನ ಮ್ಯಾಲ ಕುಂದ್ರಸೀನಿ, ಸಂಜಿಗಿ ಬಂದು ಗಟ್ಟಿ ಮಾಡ್ತೀನಿ. ನೀ ಮುಟ್ಟಬ್ಯಾಡ," ಎಂದರು. 'ಮುಟ್ಟಬ್ಯಾಡ' ಎನ್ನುವುದನ್ನು ಭಾಗಮ್ಮ ದಿನಾ ಕೇಳುತ್ತಿದ್ದಳು. ದಿನಾ ಕೇಳುವ ಮಾತು ಕಿವಿಯ ಒಳಗೆ ಹೋಗುವುದಿಲ್ಲ.

ಖಂಡೆ ಪೂಜೆ ಎಂದರೆ ಮನೆಯಲ್ಲಿರುವ ಆಯುಧ, ವಾಹನ, ಯಂತ್ರ ಎಲ್ಲಕ್ಕೂ ಜಳಕ, ವಿಭೂತಿ, ಚೆಂಡುಹೂ. ಭಾಗಮ್ಮ ಈಳಿಗೆ ತೊಳೆದಳು, ಕುಡುಗೋಲು ತೊಳೆದಳು, ಹೊಲಿಗೆ ಮಷೀನು ಒರೆಸಿದಳು, ಮಿಕ್ಸರಿಗೆ ಹೂ ಮುಡಿಸಿದಳು. ಮೇಜಿನ ಮೇಲೆ ಟ್ಯಾಂಕು ಕಂಡಿತು. ಅದು ಆಯುಧವೂ ಹೌದು, ವಾಹನವೂ ಹೌದು, ಯಂತ್ರವೂ ಹೌದು. ಮೂರಕ್ಕೂ ಸೇರಿದ್ದು ಮನೆಯಲ್ಲಿ ಅದೊಂದೇ. ಅದೊಂದೇ ಹೊಲಸು.

ಧೂಳು ಬೇಕೆಂದೇ ಹಾಕಿದ್ದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವಳ ಲೆಕ್ಕವೇ ಬೇರೆ. ಶಾರದಾಬಾಯಿಯವರ ಕಣ್ಣು ಹೋಗಿರಬಹುದು, ಬೆರಳು ಹೋಗಿಲ್ಲ. ದಸಮಿಯ ದಿನ ಬೆರಳಿಗೆ ಧೂಳು ಹತ್ತಿದರೆ ಅವರು ಅದನ್ನು ರಾಜಸ್ಥಾನದ್ದು ಎನ್ನುತ್ತಾರೆಯೇ? ಭಾಗಮ್ಮ ಮನೆ ಗುಡಿಸುವುದಿಲ್ಲ ಎನ್ನುತ್ತಾರೆ. ಇಷ್ಟು ವರ್ಷ ಇಡೀ ಊರಿನ ಧೂಳಿನ ಜೊತೆ ಹೋರಾಡಿ ಉಳಿಸಿಕೊಂಡ ಮಾನ ಒಂದು ಟ್ಯಾಂಕಿನಿಂದ ಹೋಗಬೇಕೇ?

ಮೊದಲು ಒದ್ದೆ ಅರಿವೆಯಿಂದ ಒರೆಸಿದಳು. ಧೂಳು ರಾಡಿಯಾಯಿತು. ರಾಡಿ ಸಂದಿಗೆ ಹೋಯಿತು. ಸಂದಿಗೆ ಸಣ್ಣ ಬ್ರಶ್ಶು ಹಾಕಿದಳು, ಇನ್ನಷ್ಟು ಒಳಗೆ ಹೋಯಿತು. ಕೊನೆಗೆ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಸೋಪಿನ ಪುಡಿ ಹಾಕಿ ಅರಿವೆ ನೆನೆಹಾಕಿದಂತೆ ನೆನೆಹಾಕಿ ಹೂರಣ ರುಬ್ಬಲು ಹೋದಳು. ಬಂದು ನೋಡಿದರೆ ಟ್ಯಾಂಕು ಆಗತಾನೇ ಹುಟ್ಟಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಎತ್ತಿ ಇಟ್ಟಳು. ನೀರನ್ನು ಬಚ್ಚಲಿಗೆ ಚೆಲ್ಲಿದಳು. ವಿಭೂತಿ ಹಚ್ಚಲು ಕೈ ಚಾಚಿದಾಗ ಮಡ್‌ಗಾರ್ಡು ಖಾಲಿ.

ಬಚ್ಚಲ ಮೋರಿಗೆ ಬೆರಳು ಹಾಕಿದಳು, ಕಡ್ಡಿ ಹಾಕಿದಳು. ಓಡಿಹೋಗಿ ಬೀದಿಯ ಗಟಾರದ ಮೇಲಿನ ಪರಸಿ ಕಲ್ಲು ಎತ್ತಲು ಹೆಣಗಿದಳು. ಎದುರುಮನೆಯ ಜಬೀನ್ ಒಂದು ಕೈ ಕೊಟ್ಟಳು.

"ಏನ್ ಕಳಕೊಂಡ್ರಿ ಭಾಗಕ್ಕಾ? ಕಿವ್ಯಾಗಿಂದೇನು?"

"ಅಲ್ಲ ಬೇ. ವಿಠ್ಠಲರಾಯ್ರು ಗಟಾರದಾಗ ಹೋಗ್ಯಾರ."

ಜಬೀನ್ ಕಲ್ಲು ಬಿಟ್ಟಳು. "ಯಾ ಅಲ್ಲಾ! ಅವ್ರು ಹೋಗಿ ಭಾಳ ವರ್ಷ ಆಯ್ತಲ್ರೀ!"

"ಅವ್ರಲ್ಲ, ನಮ್ಮವ್ರು ಮಾಡಿದ್ರಲ್ಲ, ಅವ್ರು. ಮೀಸಿ ಇದ್ದವ್ರು." ಇಷ್ಟು ಹೇಳುವಾಗ ಭಾಗಮ್ಮನಿಗೆ ಅಳು ಬಂತು. ಹಬ್ಬದ ದಿನ ಎಲ್ಲರ ಮನೆಯ ಬಚ್ಚಲೂ ಹೊಳೆಯಾಗಿ ಹರಿಯುತ್ತಿದ್ದವು. ರಾಯರು ಅಷ್ಟೊತ್ತಿಗೆ ಊರು ದಾಟಿರಬೇಕು.

ಜಬೀನ್ ಅವಳ ಬೆನ್ನು ಸವರಿದಳು. "ಖರೇ ಹೇಳಿಬಿಡ್ರಿ ಮಾಸ್ತರಗ."

"ಹೇಳ್ತೀನಿ. ನಾಳಿ ಹೇಳ್ತೀನಿ. ಇವತ್ತ ಹಬ್ಬ ಅದ."

ಹೋಳಿಗೆಗೆ ನಾದಿದ ಕಣಕ ಮುಂದೆಯೇ ಇತ್ತು. ಪ್ರತಿ ವರ್ಷ ಮಣ್ಣೆತ್ತು ಮಾಡುವ ಕೈ, ಒಬ್ಬ ಮನುಷ್ಯನನ್ನು ಮಾಡಲಾರದೇ? ಉಪ್ಪು ಹಾಕಿ ಗಟ್ಟಿ ನಾದಿ ರಾಯರನ್ನು ಮಾಡಿದಳು. ಕಾಲು ಇಳಿಬಿಟ್ಟಳು, ಮಗ್ಗು ಹಿಡಿಸಿದಳು. ಮುಖಕ್ಕೆ ಬಂದಾಗ ಬೆರಳು ಸೋತವು. ಮೂಗು ಎಳೆದರೆ ಗದ್ದ ಹೋಗುತ್ತಿತ್ತು. ಮೇಲಾಗಿ ಹಂಚಿನ ಮೇಲೆ ಬೇಯಿಸಲು ಇಟ್ಟಾಗ ರಾಯರ ಹೊಟ್ಟೆ ಹೋಳಿಗೆಯಂತೆ ಉಬ್ಬಿತು. ಹಸಿರು ಬಣ್ಣ ಬಳಿದು ಮಡ್‌ಗಾರ್ಡಿನ ಮೇಲೆ ಕುಳ್ಳಿರಿಸಿ, ಟ್ಯಾಂಕಿನ ತೋಪಿಗೆ ಮೂರು ಬೆರಳು ವಿಭೂತಿ ಎಳೆದು, ಮೇಲೆ ಕುಬಸದ ಖಣ ಮುಚ್ಚಿದಳು. ಸಂಜೆ ಮಾಸ್ತರರು ಬಂದು ಗೋಂದಿನ ಡಬ್ಬಿ ಹಿಡಿದರೆ "ಪೂಜಿ ಆಗ್ಯದ, ನಾಳಿ ತನಕ ಮುಟ್ಟಬಾರ್ದು" ಎಂದಳು. ಎಂದೂ ಅವಳನ್ನು ನಂಬದ ಮನುಷ್ಯ ಅಂದು ನಂಬಿ ಮಲಗಿದರು. ಅದೇ ಅವಳಿಗೆ ಹೆಚ್ಚು ಚುಚ್ಚಿತು. 'ನಾಳೆ ಹೇಳುವುದು' ಬೆಳಗಾದರೆ ಬಾಯಿಗೇ ಬರಲಿಲ್ಲ.

ದಸಮಿಯ ಸಂಜೆ ಶಾರದಾಬಾಯಿಯವರು ಜಬೀನಳ ಕೈ ಹಿಡಿದು ಬಂದರು. ಬನ್ನಿ ಕೊಟ್ಟರು, ತಗೊಂಡರು. ಮಾಸ್ತರರು ಹೊಸ ಅಂಗಿ ಹಾಕಿದ್ದರು. ತಾವೇ ಖಣ ಸರಿಸಿದರು.

ಫಳಫಳ ಟ್ಯಾಂಕು ನೋಡಿದರು, ವಿಭೂತಿ ನೋಡಿದರು, ಮಡ್‌ಗಾರ್ಡಿನ ಮೇಲಿನ ಡೊಳ್ಳು ಹೊಟ್ಟೆಯ, ಮೂಗಿಲ್ಲದ ಮೂರ್ತಿಯನ್ನು ನೋಡಿದರು. ಆಮೇಲೆ ಭಾಗಮ್ಮನನ್ನು. ಭಾಗಮ್ಮ ನೆಲ ನೋಡಿದಳು. ಜಬೀನ್ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಷ್ಟರಲ್ಲಿ ಶಾರದಾಬಾಯಿಯವರ ಬೆರಳು ನಡೆಯಲು ಶುರು ಮಾಡಿದ್ದವು. ತೋಪು ಸವರಿದವು, ಗಾಲಿ ಸವರಿದವು, ಮೆಲ್ಲಗೆ ಮಡ್‌ಗಾರ್ಡಿಗೆ ಏರಿದವು. ಕಾಲು ಸಿಕ್ಕಿತು. ಮಗ್ಗು ಸಿಕ್ಕಿತು. ಹೊಟ್ಟೆ ಸಿಕ್ಕಿತು. ಅಲ್ಲೇ ನಿಂತವು.

"ಅಯ್ಯ ಮಾಸ್ತರ!" ಎಂದು ಶಾರದಾಬಾಯಿಯವರು ಸಣ್ಣ ಹುಡುಗಿಯಂತೆ ನಕ್ಕರು. "ಈ ಹೊಟ್ಟಿ ಪೋಟೋದಾಗ ಇದ್ದಿಲ್ಲ. ಮಿಲಿಟರಿ ಬಿಟ್ಟು ಮನಿಗಿ ಬಂದ ಮ್ಯಾಲ ನನ್ನ ಕೈ ಅಡಿಗಿ ಉಂಡು ಬಂದಿದ್ದಿದು. ನಿಮಗ್ಯಾಂಗ ನೆನಪಿತ್ತು? ಪೋಟೋದಾಗಿನ ಹುಡುಗನ ಸಂಗ್ತೀಲಿ ನಾ ಎಷ್ಟ್ ದಿವಸ ಇದ್ದೆ? ನಾ ಬಾಳ್ವಿ ಮಾಡಿದ್ದು ಇವ್ರ ಸಂಗ್ತೀಲಿ." ಬೆರಳು ಮುಖಕ್ಕೆ ಹೋಗಿ ಒಂದು ಗಳಿಗೆ ಹುಡುಕಿದವು. ಏನೂ ಸಿಗಲಿಲ್ಲ. "ಮಾರಿ ಸಣ್ಣದಾಗ್ಯದ... ಇರ್ಲಿ ಬಿಡ್ರಿ," ಎಂದು ಮತ್ತೆ ಹೊಟ್ಟೆಗೆ ಇಳಿದವು. "ಏನ್ ಕೈ ರೀ ನಿಮ್ದು!"

"ಏನದರಾಗ," ಎಂದರು ಮಾಸ್ತರರು. ಅವರ ದನಿ ಭಾಗಮ್ಮನಿಗೆ ಗುರುತು ಹತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದರು. "ಎಲ್ಲಿ ಹೋದ್ರು?"

"ಬಚ್ಚಲಕ್ಕ. ನಂದೇ ತಪ್ಪ್ರೀ. ಬೈರಿ ನನಗ."

ಬೈಯಲಿಲ್ಲ. ಬೈದಿದ್ದರೆ ಅವಳೂ ಜಾಳಿಗೆಯ ಮಾತು ತೆಗೆದು ಲೆಕ್ಕ ಸರಿ ಮಾಡಿಕೊಳ್ಳುತ್ತಿದ್ದಳು. ಮಾಸ್ತರರು ಬ್ರಶ್ಶುಗಳನ್ನು ತೊಳೆದು ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು.

"ಇನ್ನೊಮ್ಮಿ ಮಾಡ್ರಿ," ಎಂದು ಭಾಗಮ್ಮ ಎಷ್ಟೋ ಸಲ ಗೋಗರೆದಳು. "ಮಾರಿ ಇದ್ದವ್ರನ್ನ."

"ಬಾಯಾರು ಇವ್ರನ್ನ ಒಪ್ಪಿಕೊಂಡಾರ. ಈಗ ಬ್ಯಾರೆಯವ್ರನ್ನ ಒಯ್ದು ಕೊಟ್ರ ಗಂಡನ್ನ ಬದ್ಲಿ ಮಾಡಿದಂಗ ಆಗ್ತದ," ಎಂದರು ಮಾಸ್ತರರು. ನಗದೆಯೇ ಎಂದರು.

ಭಾಗಮ್ಮನಿಗೆ ಊಟದ ಮೇಜು ಮರಳಿ ಸಿಕ್ಕಿತು. ಇಬ್ಬರೂ ಅದರ ಆಚೆ ಈಚೆ ಕುಳಿತು ಉಂಡರು. ಮೇಜು ಅಷ್ಟು ಅಗಲವಾಗಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಚಹಾ ಚಹಾದ ರುಚಿಯನ್ನೇ ಕೊಡುತ್ತಿತ್ತು, ಮತ್ತು ಸಪ್ಪಗಿತ್ತು. ರೊಟ್ಟಿ ಬಡಿಯುವಾಗ ಆ ಶೇಂಗಾಕಾಳಿನಷ್ಟು ಮುಖ ನೆನಪಾಗುತ್ತಿತ್ತು. ಅದನ್ನು ಕಂಡವರು ಜಗತ್ತಿನಲ್ಲಿ ಇಬ್ಬರೇ. ಯಾರ ಬೆರಳಿಗಾಗಿ ಅದನ್ನು ಕೊರೆದರೋ ಆ ಬೆರಳಿಗೆ ಅದು ಸಿಗಲಿಲ್ಲ. ಕಂಡ ಇಬ್ಬರಲ್ಲಿ ಒಬ್ಬಳು ಉಪ್ಪಿಟ್ಟಿನ ಮಾತಾಡಿ ಹೋದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಜಬೀನ್ ಒಂದು ಪುಟ್ಟ ಗಂಟು ತಂದಳು. ದಿನಾ ಸವರಿ ಸವರಿ ರಾಯರ ಒಂದು ಕೈ ಉದುರಿತ್ತು. ಉಳಿದದ್ದನ್ನು ಇರುವೆಗಳು ಸಾಗಿಸುತ್ತಿದ್ದವು. "ಮಾಸ್ತರಗ ರಿಪೇರಿಗಿ ಕೊಡಂದಾರ ಬಾಯಾರು."

"ನನ್ನ ಕೆಲಸ ಅಲ್ಲ ಅದು. ನನಗ ಬರಂಗಿಲ್ಲ," ಎಂದು ಮಾಸ್ತರರು ಪೇಪರು ಹಿಡಿದರು.

ಭಾಗಮ್ಮ ಮೇಜಿನ ಮುಂದೆ ಕುಳಿತಳು. ಈ ಸಲ ಹಬ್ಬದ ಗಡಿಬಿಡಿಯಿಲ್ಲ. ಚಿಮುಟ ತಗೊಂಡಳು, ಎರಡನೆಯ ಕನ್ನಡಕ ಹಾಕಿದಳು. ಮುರಿದ ರಾಯರನ್ನು ಎದುರಿಗೆ ಇಟ್ಟುಕೊಂಡು ಕಣಕ ನಾದಿದಳು, ತಿದ್ದಿದಳು, ಮುದ್ದೆ ಮಾಡಿದಳು, ಮತ್ತೆ ತಿದ್ದಿದಳು. ಹೊಟ್ಟೆ ಒಮ್ಮೆ ಹೆಚ್ಚಾಯಿತು, ಒಮ್ಮೆ ಪಕ್ಕಕ್ಕೆ ಸರಿಯಿತು. ಅನ್ನ ಸೀದುಹೋಯಿತು. ಮಾಸ್ತರರು ಪೇಪರಿನ ಮರೆಯಿಂದ ನೋಡಿ ಮತ್ತೆ ಮರೆಯಾದರು. ಕೊನೆಗೆ ಮೊದಲಿನವರಿಗಿಂತ ಚಂದದ, ನುಣ್ಣಗಿನ, ಹದವಾದ ಹೊಟ್ಟೆಯ ರಾಯರು ಸಿದ್ಧವಾದರು. ಗಂಡ ಹೆಂಡತಿ ಇಬ್ಬರೂ ಹೋಗಿ ಕೊಟ್ಟರು.

ಶಾರದಾಬಾಯಿಯವರು ಅಂಗೈಯಲ್ಲಿಟ್ಟುಕೊಂಡು ಒತ್ತಿದರು, ತಿರುಗಿಸಿದರು, ಬೆನ್ನು ಸವರಿದರು. ಮುಖ ಸಪ್ಪಗಾಯಿತು.

"ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದಕ್ಕ ನಿಮ್ಮ ಕೈ ಹತ್ತಿಲ್ಲ. ಯಾರ್ ಕಡಿಂದ ಮಾಡಿಸೀರಿ?"

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಭಾಗಮ್ಮನ ಕಿವಿಯವರೆಗೆ ಸಿಟ್ಟು ಏರಿತ್ತು.

"ಖರೇ ಗುರ್ತು ಹಿಡದ್ರಿ ಬಾಯಾರ," ಎಂದರು ಅವರು. "ಒಬ್ರು ಹೊಸಬ್ರು ಕಲೀಲಿಕತ್ತಾರ. ಕೈ ಇನ್ನಾ ಕುಂತಿಲ್ಲ."

"ಗೊತ್ತಾಗ್ತದ ನೋಡ್ರಿ. ಜೀವಾನೇ ಇಲ್ಲ ಇದರಾಗ. ನೀವೇ ಮಾಡ್ರಿ, ಮೊದಲ್ನೇದರಂಗ."

ಮಾಸ್ತರರಿಗೆ ತಡೆಯಲಾಗಲಿಲ್ಲ. ಮೊದಲು ಭುಜ ಅಲುಗಿದವು, ಆಮೇಲೆ ಕನ್ನಡಕ ಜಾರಿತು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಹಾನವಮಿಯಿಂದ ಈಚೆಗೆ ಆ ಮನುಷ್ಯ ನಕ್ಕಿದ್ದು ಅದೇ ಮೊದಲು. 'ಅದೂ ನಂದೇ, ಇದೂ ನಂದೇ' ಎನ್ನುವ ಮಾತು ಭಾಗಮ್ಮನ ತುಟಿಯ ತನಕ ಬಂದಿತ್ತು. ಗಂಡನ ನಗು ಕೇಳುತ್ತ ಅದನ್ನು ನುಂಗಿಕೊಂಡಳು. ಕಣಕದ ರಾಯರನ್ನು ಮರಳಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಹೇಳ್ತೀನಿ ಬಾಯಾರ," ಎಂದಳು, "ಆ ಹೊಸಬ್ರಿಗಿ."