ಹಾಡುಗಾರರಿಗೆ ಅತ್ತಿಗೆಯ ಮರುಕ

ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಪಾಪ್ ಗಾಯಕರಿಗೆಲ್ಲ ಒಬ್ಬ ತಾಯಿ ಇದ್ದರು. ಮೈಸೂರಿನವರು. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ವಾಸ. ಗಾಯಕರಿಗೆ ಮಾತ್ರ ಈ ವಿಷಯ ಗೊತ್ತಿರಲಿಲ್ಲ, ಅಷ್ಟೆ! ಆ ಮಹಾತಾಯಿ ಬೇರೆ ಯಾರೂ ಅಲ್ಲ, ನನ್ನ ಅತ್ತಿಗೆ.

ನಾನಾಗ ಕಾಲೇಜಿನಲ್ಲಿದ್ದೆ, ಅಣ್ಣನ ಮನೆಯ ಬೇಸ್‌ಮೆಂಟಿನಲ್ಲಿ ಬಿಡಾರ. ಕಾರುಗಳು ಮಾರಾಟವಾಗದೆ ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತಿದ್ದ ಕಾಲ. ಹತ್ತಿರದ ವಾರೆನ್‌ನಲ್ಲಿ ಬ್ರೇಕು ಡಿಸೈನ್ ಮಾಡುತ್ತಿದ್ದ ಅಣ್ಣನಿಗೂ ಲೇ ಆಫ್ ಆಯಿತು. ಸೋಫಾದ ಮೇಲೆ ಕೂತ. ಮಾತು ಬಿಟ್ಟ. ಎದುರಿನ ಟಿವಿಯಲ್ಲಿ ದಿನವಿಡೀ ಹಾಡಿನ ವಿಡಿಯೋ ತೋರಿಸುವ ಹೊಸ ಕೇಬಲ್ ಚಾನೆಲ್. ಅಣ್ಣ ನೋಡುತ್ತಿದ್ದನೋ ಇಲ್ಲವೋ, ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತ ಅತ್ತಿಗೆ ಮಾತ್ರ ಕಣ್ಣು ಕೀಳದೆ ನೋಡಿದರು. ನೋಡಿ ಒಂದು ತೀರ್ಮಾನಕ್ಕೂ ಬಂದರು: ಈ ದೇಶದಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವವರು ಹಾಡುವವರೇ!

ಇಲ್ಲದಿದ್ದರೆ ಟಿವಿಯಲ್ಲಿ ಹಾಡುವ ಆ ಹುಡುಗಿಯ ಸ್ವೆಟರ್ ಒಂದು ಭುಜದಿಂದ ಹಾಗೇಕೆ ಜಾರುತ್ತಿತ್ತು?

"ಪಿನ್ ಹಾಕ್ಕೊಳ್ಳೇ, ಥಂಡಿ ಹಿಡಿಯತ್ತೆ!" ಎಂದು ಅತ್ತಿಗೆ ಟಿವಿಗೆ ಕೂಗಿದರು.

"ಅಮ್ಮಾ, ಇಟ್ಸ್ ದ ಸ್ಟೈಲ್!" ಎಂದಳು ಅವರ ಪುಟ್ಟ ಮಗಳು.

"ನಿಮ್ಮಪ್ಪ ಒಂದೇ ಪೈಜಾಮದಲ್ಲಿ ವಾರ ಕಳೀತಾ ಇದಾರೆ, ಅದೂ ಸ್ಟೈಲೇನಾ?"

ಅಣ್ಣ ಬಗ್ಗಿ ಪೈಜಾಮ ನೋಡಿಕೊಂಡ.

ಇನ್ನೊಬ್ಬ ದಟ್ಟ ಹೊಗೆಯ ನಡುವೆ ನಿಂತು ವಿರಹದಿಂದ ಹಾಡಿದ. "ಪಾಪ, ಒಲೆ ಮೇಲೆ ಏನೋ ಇಟ್ಟು ಮರ್ತಿದಾನೆ," ಎಂದರು ಅತ್ತಿಗೆ.

ಒಂದೇ ಕೈಗೆ ಗ್ಲೌಸ್ ಹಾಕಿ ಕುಣಿಯುವವನನ್ನು ಕಂಡ ದಿನವಂತೂ ಅವರ ಕರುಳು ಚುರ್ ಎಂದಿತು. "ಮಗು ಇನ್ನೊಂದನ್ನ ಎಲ್ಲೋ ಕಳ್ಕೊಂಡಿದೆ ಕಣೋ!" ಸರಿ, ಉಲ್ಲನ್ ತಂದು ಇನ್ನೊಂದು ಕೈಗೆ ತಾವೇ ಗ್ಲೌಸ್ ಹೆಣೆದರು. ನನ್ನ ಕೈಗಿಟ್ಟು, "ಪೋಸ್ಟ್ ಮಾಡಿಬಿಡು," ಎಂದರು.

"ಅತ್ತಿಗೆ, ಅಡ್ರೆಸ್ಸು?"

"ಅಷ್ಟು ಚೆನ್ನಾಗಿ ಕುಣಿಯೋನ ಮನೆ ಪೋಸ್ಟ್‌ಮ್ಯಾನ್‌ಗೆ ಗೊತ್ತಿರಲ್ವೇನೋ?"

ಚಳಿಗಾಲದಲ್ಲಿ ಶಿಕಾಗೋ ಹತ್ತಿರದ ಒಂದು ಕಂಪನಿಯಿಂದ ಅಣ್ಣನಿಗೆ ಇಂಟರ್‌ವ್ಯೂ ಬಂತು. ಮಗುವನ್ನು ಪಕ್ಕದ ಮನೆಯ ಆಂಟಿಗೆ ಒಪ್ಪಿಸಿ ಮೂವರೂ ಹೊರಟೆವು. ಡ್ರೈವಿಂಗ್ ನನ್ನದು. ಸುಮಾರು ಮುನ್ನೂರು ಮೈಲಿ ಅಣ್ಣ ಬಾಯಿ ಬಿಡಲಿಲ್ಲ, ಅತ್ತಿಗೆ ಬಾಯಿ ಮುಚ್ಚಲಿಲ್ಲ! ರೇಡಿಯೋದ ಪ್ರತಿ ಹಾಡಿಗೂ ತೊಡೆ ತಟ್ಟಿ ತಾಳ ಹಾಕಿದರು. ಪದ ತಿಳಿಯದ ಕಡೆಯೆಲ್ಲ ತರಕಾರಿ ತುಂಬಿಸಿದರು. ಬದನೆಕಾಯಿ, ಪಡವಲಕಾಯಿ ಎನ್ನುವ ಪ್ರೇಮಗೀತೆ ಕೇಳಿದ್ದೀರಾ? ನಾನು ಕೇಳಿದ್ದೇನೆ.

ಇಂಟರ್‌ವ್ಯೂಗೆ ಒಳಗೆ ಹೋದ ಅಣ್ಣ ಬಹಳ ಬೇಗ ಹೊರಗೆ ಬಂದ. ಕಾರಿನ ಪಕ್ಕ ನಿಂತನೇ ಹೊರತು ಬಾಗಿಲು ತೆಗೆಯಲಿಲ್ಲ. ನಾನು ಕಿಟಕಿ ಇಳಿಸಿದೆ.

"ಆ ಪೊಸಿಷನ್ನೇ ಕ್ಯಾನ್ಸಲ್ ಆಗಿದೆಯಂತೆ," ಎಂದ. ಗದ್ದ ನಡುಗುತ್ತಿತ್ತು. ಚಳಿಗಿರಬಹುದು ಎಂದುಕೊಂಡೆ.

ಅತ್ತಿಗೆ "ವಾಲ್ಯೂಮ್ ಜೋರು ಮಾಡೋ," ಎಂದು ನನಗೆ ಹೇಳಿ ಕೆಳಗಿಳಿದರು. ರೇಷ್ಮೆ ಸೀರೆ, ಅದರ ಕೆಳಗೆ ಸ್ನೋ ಬೂಟು. ಕಂಪನಿಯ ಕಿಟಕಿಗಳೆಲ್ಲ ನೋಡುತ್ತಿರುವಂತೆಯೇ ಕೈ ಮೇಲೆತ್ತಿ ಗಿರ್ರನೆ ಒಂದು ಸುತ್ತು ತಿರುಗಿದರು. ಎರಡನೆಯ ಸುತ್ತಿಗೆ ಕಾಲಡಿ ಐಸ್ ಸಿಕ್ಕಿತು. ದಬಕ್ಕನೆ ಕೂತರು!

ಅಣ್ಣ ನಕ್ಕುಬಿಟ್ಟ. ಎಷ್ಟೋ ತಿಂಗಳ ನಂತರದ ನಗು. ಹೊಟ್ಟೆ ಹಿಡಿದು, ಬಗ್ಗಿ, ಕೊನೆಗೆ ಹಿಮದಲ್ಲೇ ಮಂಡಿಯೂರಿದ. ಅತ್ತಿಗೆಯ ಭುಜಕ್ಕೆ ಮುಖವಿಟ್ಟ ಮೇಲೂ ಅವನ ಬೆನ್ನು ಕುಲುಕುತ್ತಲೇ ಇತ್ತು. ನಾನು ರೇಡಿಯೋ ಆರಿಸಿದೆ.

"ನಗ್ತಾ ಇದೀರೋ, ಅಳ್ತಾ ಇದೀರೋ?" ಅತ್ತಿಗೆ ಮೆಲ್ಲಗೆ ಕೇಳಿದರು.

"ಗೊತ್ತಾಗ್ತಾ ಇಲ್ಲ ಕಣೇ."

ಅತ್ತಿಗೆ ಅವನ ಬೆನ್ನು ಸವರಿದರು. "ಎರಡೂ ಮುಗಿಸ್ಕೊಳ್ಳಿ. ನಾನಿಲ್ಲೇ ಕೂತಿರ್ತೀನಿ."