ಲೂಥರನಿಗಿಂತ ಮೊದಲು ನೆಪೋಲಿಯನ್

ಮಾನ ಹೋಗುವ ಪ್ರಸಂಗಗಳು ಕೆಲವರನ್ನು ಹುಡುಕಿಕೊಂಡು ಬರುತ್ತವೆ. ನನ್ನ ಮನೆ ವಿಳಾಸವಂತೂ ಅವಕ್ಕೆ ಬಾಯಿಪಾಠ. ಗಲ್ಫಿನ ಸಾಲ್ಮಿಯಾದ ಇಂಡಿಯನ್ ಶಾಲೆಯೊಂದರಲ್ಲಿ ನಾನು ಚರಿತ್ರೆ ಟೀಚರ್. ಈ ವರ್ಷ ವಿಭಾಗದ ಮುಖ್ಯಸ್ಥೆಯಾಗುವ ಸರದಿ ನನ್ನದು, ಸಚಿವಾಲಯದಿಂದ ತಪಾಸಣೆಗೆ ಬರುವ ಮೇಡಂ ಹ್ಞೂಂ ಅಂದರೆ. ಅವರಿಂದ ಹ್ಞೂಂ ಅನ್ನಿಸಲು ಹೊರಟದ್ದೇ ತಪ್ಪಾಯಿತು.

ಲಿಫ್ಟಿನಲ್ಲಿ

ಮೇಡಂ ಮೆಚ್ಚಲಿ ಅಂತ ಅರಬ್ಬಿ ಕಲಿಯತೊಡಗಿದೆ. ಅರಬ್ಬಿ, ಹೀಬ್ರೂ, ಅರಮಾಯಿಕ್ ಎಲ್ಲ ಒಂದೇ ತಾಯಿಯ ಮಕ್ಕಳೆಂದು ಸ್ಟಾಫ್‌ರೂಮಿನಲ್ಲಿ ಭಾಷಣವನ್ನೂ ಬಿಗಿದೆ. ಒಂದು ದಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅರಬ್ ಅಜ್ಜಿಯೊಬ್ಬರು ಸಿಕ್ಕರು. ಯಾವ ಮಹಡಿಗೆ ಹೋಗಬೇಕೆಂದು ಪುಸ್ತಕದ ಅರಬ್ಬಿಯಲ್ಲಿ, ಒಂದಕ್ಷರವನ್ನೂ ನುಂಗದೆ, ವಿಚಾರಿಸಿದೆ. ಅಜ್ಜಿ ಕಣ್ಣು ಮುಚ್ಚಿ, ಅಂಗೈ ಮೇಲೆತ್ತಿ ಕೊನೆತನಕ ಕೇಳಿದರು. ಆಮೇಲೆ ಭಕ್ತಿಯಿಂದ, "ಆಮೀನ್" ಅಂದರು.

ರಾಣಿಯ ತಲೆ

ತಪಾಸಣೆಯ ದಿನಕ್ಕೆ ಮಕ್ಕಳ ನಾಟಕ. ಪೋಪನ ವಿರುದ್ಧ ತಿರುಗಿಬಿದ್ದ ಮಾರ್ಟಿನ್ ಲೂಥರನ ಪಾತ್ರ ಗಣಿತದ ಟೀಚರ ಮಗನಿಗೆ. ಆಕೆ ಮಂಗಳೂರಿನ ಕೆಥೊಲಿಕ್. ಅತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ, ಅವರೆದುರು ಮೊಮ್ಮಗ ಪೋಪನಿಗೆ ಬೈಯುವುದು ಬೇಡ ಅಂತ ಕೇಳಿಕೊಂಡರು. ಚರಿತ್ರೆಗೆ ಧರ್ಮವಿಲ್ಲವೆಂದು ಎಲ್ಲರೆದುರು ಅವರಿಗೆ ಬುದ್ಧಿ ಹೇಳಿದೆ.

ಸಂಜೆ ನನ್ನ ಮಗಳು ಕುಣಿಯುತ್ತ ಬಂದಳು. ಚೀಟಿ ಎತ್ತಿದಾಗ ಅವಳಿಗೆ ಸಿಕ್ಕಿದ್ದು ಆರು ಮದುವೆಯಾದ ಹೆನ್ರಿ ದೊರೆ ತಲೆ ಕಡಿಸಿದ ರಾಣಿಯ ಪಾತ್ರ. ಮರುದಿನ ಸದ್ದಿಲ್ಲದೆ ಅವಳನ್ನು ಬದುಕುಳಿದ ಕೊನೆಯ ರಾಣಿಯಾಗಿ ಬದಲಾಯಿಸಿದೆ. ಗಣಿತದ ಟೀಚರ ಕಣ್ಣು ತಪ್ಪಿಸಲಾಗಲಿಲ್ಲ.

"ನಿಮ್ಮ ಚರಿತ್ರೆಗೆ ಧರ್ಮ ಇಲ್ಲ ಮಾರಾಯ್ರೆ," ಅಂದರು, "ಅಪಶಕುನ ಉಂಟು."

ಗೋಡೆಯ ಮೇಲೆ

ಕೊನೆಗೆ ಪ್ರಿನ್ಸಿಪಾಲರ ಜೊತೆ ಮೇಡಂ ಬಂದರು. ತರಗತಿಯ ಗೋಡೆಗೆ ಚಿತ್ರಗಳ ಸಾಲು ಅಂಟಿಸಿದ್ದೆ: ಎಡದಿಂದ ಲೂಥರ್, ಹೆನ್ರಿ, ತಲೆ ಕಳೆದುಕೊಂಡ ಫ್ರಾನ್ಸಿನ ದೊರೆ, ಕೊನೆಯಲ್ಲಿ ನೆಪೋಲಿಯನ್. ಮೇಡಂಗೋಸ್ಕರ ಬರಹವೆಲ್ಲ ಅರಬ್ಬಿಯಲ್ಲಿ, ಚಿತ್ರಚಿತ್ರದ ನಡುವೆ "ಇದರ ಪರಿಣಾಮವಾಗಿ" ಎಂಬ ದೊಡ್ಡ ಅಕ್ಷರ. ಅರಬ್ಬಿ ಬಲದಿಂದ ಓದುವ ಭಾಷೆ ಅನ್ನುವುದು ಬರೆಯುವಾಗ ನೆನಪಿತ್ತು, ಅಂಟಿಸುವಾಗ ಇರಲಿಲ್ಲ.

ಮೇಡಂ ಬಲತುದಿಯಿಂದ ಹೊರಟರು. ನೆಪೋಲಿಯನ್ ಚಕ್ರವರ್ತಿಯಾದ, ಇದರ ಪರಿಣಾಮವಾಗಿ ದೊರೆಯ ತಲೆ ಹೋಯಿತು, ಇದರ ಪರಿಣಾಮವಾಗಿ ಹೆನ್ರಿ ಮದುವೆಯ ಮೇಲೆ ಮದುವೆಯಾದ, ಇದರ ಪರಿಣಾಮವಾಗಿ ಲೂಥರ್ ತನ್ನ ತಕರಾರುಪಟ್ಟಿಯನ್ನು ಇಗರ್ಜಿಯ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದ.

ನಾವು ಓದುವಾಗ ಲೂಥರ್ ಮೊದಲು ಬರುತ್ತಿದ್ದ, ಈಗ ಬದಲಾಗಿದೆಯೇ ಅಂತ ಮೇಡಂ ಮೆತ್ತಗೆ ಕೇಳಿದರು. ತಪ್ಪು ಒಪ್ಪಿದರೆ ಹುದ್ದೆ ಹೋಯಿತು. ನಾಚಿಕೆಯಿಲ್ಲದೆ, ಹೌದು ಅಂದೆ. ಅದನ್ನೂ ಅರಬ್ಬಿಯಲ್ಲಿ.

ಪ್ರಿನ್ಸಿಪಾಲರು ನೆಲ ನೋಡಿದರು. ಮೇಡಂ ಹೊರಡುತ್ತ ಅವರಿಗೆ ಹೇಳಿದ್ದು ನನಗೂ ಕೇಳಿಸಿತು.

"ಇವರನ್ನೇ ಮುಖ್ಯಸ್ಥೆ ಮಾಡಿ. ಮುಖ್ಯಸ್ಥರಿಗೆ ಪಾಠ ಕಡಿಮೆ ಇರುತ್ತದೆ, ಅಲ್ಲವೇ?"